ಕೋರಲ್ ಓಪನ್ ಆಯ್ತು, ಕನ್ನಡ ಎಲ್ಲಿ?

"ಅಣ್ಣಾ, ಕೋರಲ್ ಓಪನ್ ಆಯ್ತು. ಆದ್ರೆ ಕನ್ನಡನೇ ಇಲ್ಲ!"

ತೋವಿನಕೆರೆಯಿಂದ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಡಿಟಿಪಿ-ಜೆರಾಕ್ಸ್ ಅಂಗಡಿ ನಡೆಸ್ತಿರೋದು ಅವಳೇ. ಅಂಗಡಿಯ ಕಂಪ್ಯೂಟರಿನ ಮದರ್‌ಬೋರ್ಡ್ ಹೋದಾಗ ನನ್ನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿ ಕಳಿಸಿದ್ದೆ. "ವೈನ್ ಅಂತ ಒಂದಿದೆ, ಹಾಕ್ಕೊಂಡ್ರೆ ವಿಂಡೋಸ್ ಸಾಫ್ಟ್‌ವೇರ್ ಇದರಲ್ಲೂ ಓಡುತ್ತೆ" ಅಂತ ಬೆಂಗಳೂರಲ್ಲಿ ಕೂತು ದೊಡ್ಡದಾಗಿ ಹೇಳಿಬಿಟ್ಟಿದ್ದೆ. ಲಿನಕ್ಸ್ ಮುಖವನ್ನೇ ನೋಡಿರದಿದ್ದ ಅವಳು ಎರಡು ರಾತ್ರಿ ಕೂತು ಅದನ್ನು ಸಾಧಿಸಿಯೂ ಬಿಟ್ಟಿದ್ದಳು. ಆದರೆ ಚಿಕ್ಕಪ್ಪ ಮಾಡಿಟ್ಟಿದ್ದ ಮದುವೆ ಕಾರ್ಡು, ಜಾತ್ರೆ ಕರಪತ್ರಗಳ ಫೈಲು ತೆರೆದರೆ, ಹೆಸರುಗಳಿರಬೇಕಾದ ಜಾಗದಲ್ಲಿ ತಲೆ ಮೇಲೆ ಚುಕ್ಕೆ, ಗೆರೆ ಹೊತ್ತ ವಿಚಿತ್ರ ಇಂಗ್ಲಿಷ್ ಅಕ್ಷರಗಳು!

"ಲಿನಕ್ಸಿಗೆ ಕನ್ನಡ ಬರಲ್ವಾ ಅಣ್ಣಾ?"

ಬರುತ್ತೆ. ಆದರೆ ಅದನ್ನು ವಿವರಿಸೋಕೆ ಎರಡು ಹಳೇ ಕಥೆ ಹೇಳಬೇಕಾಯ್ತು.

ಮೊದಲನೆಯದು ವೈನ್‌ನದು. ವಿಂಡೋಸ್ ಪ್ರೋಗ್ರಾಂ ಕೇಳುವುದನ್ನು ಲಿನಕ್ಸಿಗೆ ಅರ್ಥವಾಗುವ ಹಾಗೆ ತಿರುಗಿಸಿ ಹೇಳುವ ದುಭಾಷಿ ಅದು. 1993ರಲ್ಲಿ ಶುರುವಾದ ಈ ಕೆಲಸ 1.0 ಅನ್ನಿಸಿಕೊಂಡಿದ್ದು 2008ರ ಜೂನ್‌ನಲ್ಲಿ, ಹದಿನೈದು ವರ್ಷಗಳ ನಂತರ. ಈ ಮಧ್ಯೆ ಕೆನಡಾದ ಕೋರಲ್ ಕಂಪನಿ 1999ರಲ್ಲಿ ತನ್ನದೇ ಲಿನಕ್ಸ್ ಹೊರತಂದಿತು. 2000ದಲ್ಲಿ ಇದೇ ವೈನ್ ಬಳಸಿ ಕೋರಲ್ ಡ್ರಾ 9ನ್ನು ಲಿನಕ್ಸಿಗೂ ತಂದಿತು. ಅಂದರೆ ನನ್ನ ತಂಗಿ ಎರಡು ರಾತ್ರಿ ನಿದ್ದೆಗೆಟ್ಟು ಮಾಡಿದ್ದನ್ನು ಆ ಕಂಪನಿಯೇ ಮಾಡಿ ಮಾರಿತ್ತು! ಆದರೆ ಕಂಪನಿಗೆ ದುಡ್ಡಿನ ಬಿಕ್ಕಟ್ಟು. ಅದೇ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಅದರಲ್ಲಿ 13.5 ಕೋಟಿ ಡಾಲರ್ ಹೂಡಿತು. 2001ರಲ್ಲಿ ಕೋರಲ್ ತನ್ನ ಲಿನಕ್ಸ್ ವಿಭಾಗವನ್ನು ಮಾರಿತು. ಲಿನಕ್ಸ್ ಡೆಸ್ಕ್‌ಟಾಪಿಗೆ ಕೋರಲ್ ಡ್ರಾ ಮತ್ತೆ ಬರಲಿಲ್ಲ.

ಎರಡನೆಯದು ನಮ್ಮದೇ ಕಥೆ. ಆಗಿನ ಫಾಂಟಿನಲ್ಲಿ ಇದ್ದದ್ದು ಹೆಚ್ಚೆಂದರೆ 256 ಮನೆ. ಅದೂ ಇಂಗ್ಲಿಷಿಗೆ ಅಂತ ಕಟ್ಟಿದ್ದು. ನಮ್ಮ ಕಾಗುಣಿತ, ಒತ್ತು ಎಲ್ಲ ಅದರಲ್ಲಿ ಹಿಡಿಯುತ್ತಾ? ಅದಕ್ಕೇ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಅಂತ ತುಂಡು ಮಾಡಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂರಿಸಿದರು. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಮೊದಲಿಗೆ ನಡೆದಿದ್ದು ಈ ದಾರಿಯಲ್ಲೇ. ಇವು ಇಲ್ಲದಿದ್ದರೆ ಹಳ್ಳಿಗಳಲ್ಲಿ ಡಿಟಿಪಿ ಅಂಗಡಿಯೇ ಇರ್ತಿರಲಿಲ್ಲ. 1991ರ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು ನಿಜ. ಆದರೆ ಅದು ಡಿಸೈನ್ ಸಾಫ್ಟ್‌ವೇರಿಗೆ, ಪ್ರೆಸ್ಸಿಗೆ ತಲುಪೋಕೆ ಬಹಳ ಕಾಲ ಹಿಡಿಯಿತು.

ತೊಡಕು ಇಲ್ಲೇ ಇರೋದು. ಚಿಕ್ಕಪ್ಪನ ಫೈಲುಗಳಲ್ಲಿ ಕನ್ನಡ ಇರಲೇ ಇಲ್ಲ. ಇದ್ದದ್ದು ಇಂಗ್ಲಿಷ್ ಅಕ್ಷರಗಳ ನಂಬರು, ಮೇಲೆ ಕನ್ನಡದ ವೇಷ. ಫಾಂಟು ಇಲ್ಲ ಅಂದ್ರೆ ವೇಷ ಕಳಚುತ್ತೆ. ವಿಂಡೋಸ್‌ನಲ್ಲಿ ಆದರೂ ಇದೇ ಗತಿ. ಹಳೇ ಹಾರ್ಡ್ ಡಿಸ್ಕಿನಿಂದ ಅವಳು ಫೈಲುಗಳನ್ನು ಮಾತ್ರ ತಂದಿದ್ದಳು. ಫಾಂಟೂ ಬೇಕು ಅಂತ ಹೇಳೋದನ್ನು ನಾನೇ ಮರೆತಿದ್ದೆ.

ಫಾಂಟ್ ಹಾಕಿದ ಮೇಲೆ ಹೆಸರುಗಳೆಲ್ಲ ವಾಪಸ್ ಬಂದವು. ಇನ್ನು ಹೊಸದಾಗಿ ಟೈಪ್ ಮಾಡೋದು ಹೇಗೆ? ಲಿನಕ್ಸಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ ಕೆಳಗೆ 'ಕಗಪ' ಅಂತ ಒಂದು ಆಯ್ಕೆ ಇದೆ. ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ಅವಳು ಕಲಿತಿದ್ದ ಅದೇ ವಿನ್ಯಾಸ. ಬೆರಳುಗಳು ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲ. ಈಗ ಹೊಸ ಕಾರ್ಡುಗಳನ್ನು ಇಂಕ್‌ಸ್ಕೇಪ್‌ನಲ್ಲಿ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳಲ್ಲಿ ಮಾಡುತ್ತಾಳೆ. ಪ್ರೆಸ್ಸಿನವರು ಈಗಲೂ ಕೋರಲ್ ಫೈಲನ್ನೇ ಕೇಳೋದರಿಂದ ವೈನನ್ನೂ ಬಿಟ್ಟಿಲ್ಲ.

ಬಿಡುವಾದಾಗ ಹಳೇ ಫೈಲುಗಳ ಮಾತನ್ನು ಕನ್ವರ್ಟರಿಗೆ ಹಾಕಿ ಯೂನಿಕೋಡ್ ಮಾಡಿಡುತ್ತಾಳೆ. ಎಲ್ಲವೂ ಆಗಲ್ಲ. ಪ್ರೆಸ್ಸಿಗೆ ಕಳಿಸುವಾಗ ಕರ್ವ್ ಮಾಡಿದ ಫೈಲುಗಳಲ್ಲಿ ಅಕ್ಷರಗಳು ಬರೀ ಚಿತ್ರವಾಗಿ ಉಳಿದಿವೆ. ಅವನ್ನು ನೋಡಿಕೊಂಡು ಮತ್ತೆ ಟೈಪ್ ಮಾಡಬೇಕು, ಅಷ್ಟೇ.

ಮೊದಲು ಬದಲಿಸಿದ್ದು ಯಾವುದು ಅಂತ ಕೇಳಿದೆ.

"ನಿನ್ನ ಮದುವೆ ಕಾರ್ಡು. ಸುಖಾಗಮನ ಬಯಸುವವರಲ್ಲಿ ಅಪ್ಪನ ಹೆಸರಿತ್ತಲ್ಲ. ಈಗ ಸರ್ಚ್ ಮಾಡಿದ್ರೆ ಸಿಗುತ್ತೆ ಅಣ್ಣಾ."