ಹೈದರಾಬಾದಿನ ಮುಕ್ತ ತಂತ್ರಾಂಶ ಬಳಗ: ಬಾಗಿಲೂ ಆದರವೂ

೧೯೨೧ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಹೈದರಾಬಾದಿನ ವಿವೇಕವರ್ಧಿನಿ ಸಂಸ್ಥೆಯ ರಂಗಮಂದಿರದಲ್ಲಿ ಸಂಸ್ಥಾನದ ಸಮಾಜಸುಧಾರಣಾ ಸಮ್ಮೇಳನವು ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಅಧ್ಯಕ್ಷತೆಯಲ್ಲಿ ನೆರೆದಿತ್ತು. ಇಂಗ್ಲಿಷ್, ಉರ್ದು, ಮರಾಠಿ ಭಾಷಣಗಳು ಸಾಂಗವಾಗಿ ನಡೆದವು. ಆಲಂಪಲ್ಲಿ ವೆಂಕಟರಾಮರಾಯರು ತೆಲುಗಿನಲ್ಲಿ ಮಾತನಾಡಲು ಎದ್ದೊಡನೆ ಮಾತ್ರ ಸಭೆಯಲ್ಲಿ ಅಪಹಾಸ್ಯದ ಗದ್ದಲವೆದ್ದಿತು. ವೇದಿಕೆ ಹತ್ತಲು ಎಡೆಯಿತ್ತ ಸಭೆಯೇ ಅವರ ಮಾತನ್ನು ಕೇಳಲೊಲ್ಲದಾಯಿತು. ನೊಂದ ತೆಲುಗರು ಕೆಲವರು ಆ ರಾತ್ರಿಯೇ ಒಂದೆಡೆ ಸೇರಿ ಆಂಧ್ರ ಜನಸಂಘವನ್ನು ಸ್ಥಾಪಿಸಿದರು. ಮಾಡಪಾಟಿ ಹನುಮಂತರಾಯರ ನೇತೃತ್ವದಲ್ಲಿ ಅದು ಬೆಳೆದು, ೧೯೩೦ರಲ್ಲಿ ಜೋಗಿಪೇಟೆಯಲ್ಲಿ ಆಂಧ್ರ ಮಹಾಸಭೆಯಾಗಿ ಪರಿಣಮಿಸಿತು. ಕನ್ನಡಿಗರೂ ತರುವಾಯ ನಿಜಾಂ ಕರ್ನಾಟಕ ಪರಿಷತ್ತನ್ನು ಕಟ್ಟಿಕೊಂಡರೆಂಬುದು ವಾಚಕರಿಗೆ ತಿಳಿದ ವಿಷಯವೇ.

ಈ ಪ್ರಸಂಗವನ್ನು ಸಂಸ್ಥಾನದ ರಾಜಕೀಯ ಜಾಗೃತಿಯ ಅಧ್ಯಾಯದಲ್ಲಿ ಸೇರಿಸುವುದು ಚರಿತ್ರಕಾರರ ವಾಡಿಕೆ. ಆದರೆ ಅದನ್ನು ಬೇರೊಂದು ಅಧ್ಯಾಯದ ಆದಿಯಲ್ಲಿಯೂ ಇಡಬಹುದಾಗಿದೆ. ಬಾಗಿಲು ತೆರೆದಿದೆಯೆಂದು ಸಾರಿದ ಮನೆಯೊಳಕ್ಕೆ ಹೊಸಬನು ಅಡಿಯಿಟ್ಟಾಗ ಅವನಿಗೆ ದೊರೆಯುವ ಆದರವೆಂಥದು? ಎಂಬತ್ತನಾಲ್ಕು ವರ್ಷಗಳ ತರುವಾಯ ಇದೇ ನಗರದಲ್ಲಿ ತಲೆಯೆತ್ತಿದ ಮುಕ್ತ ತಂತ್ರಾಂಶ ಬಳಗಕ್ಕೂ, ಅದರ ಸೋದರ ಬಳಗಗಳಾದ ಕನ್ನಡ ಮತ್ತು ಮಲಯಾಳದ ಗುಂಪುಗಳಿಗೂ ಎದುರಾದುದು ಇದೇ ಪ್ರಶ್ನೆ.

ಮುಕ್ತ ತಂತ್ರಾಂಶವೆಂದರೇನೆಂಬುದನ್ನು ಮೊದಲು ಸ್ಥೂಲವಾಗಿ ಹೇಳಬೇಕು. ಗಣಕಯಂತ್ರವನ್ನು ನಡೆಸುವ ಆದೇಶಗಳ ಮೂಲಪಾಠವನ್ನು ಯಾರು ಬೇಕಾದರೂ ಓದಲು, ತಿದ್ದಲು, ಪ್ರತಿಮಾಡಿ ಹಂಚಲು ಅನುಮತಿಯಿದ್ದರೆ ಅದು ಮುಕ್ತ ತಂತ್ರಾಂಶ. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರು ಗ್ನೂ ಎಂಬ ಯೋಜನೆಯನ್ನು ಸಾರಿದರು; ೧೯೮೯ರಲ್ಲಿ ಅದರ ಸಾರ್ವಜನಿಕ ಪರವಾನಗಿಯು ಹೊರಬಂದಿತು. ೧೯೯೧ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಪ್ರಕಟಿಸಿದನು. ೧೯೦೫ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘವನ್ನು ಬಲ್ಲ ಕನ್ನಡಿಗನಿಗೆ ಇದರ ತತ್ತ್ವ ತೀರ ಹೊಸದೆನಿಸದು. ಭೇದವಿರುವುದು ಲೆಕ್ಕದ ಪುಸ್ತಕದಲ್ಲಿ. ಸಹಕಾರಿ ಸಂಘದಲ್ಲಿ ಒಬ್ಬನಿಗೆ ಕೊಟ್ಟ ಸಾಲವು ಮರಳುವ ತನಕ ಇನ್ನೊಬ್ಬನಿಗಿಲ್ಲ. ಇಲ್ಲಿ ಸಾವಿರ ಮಂದಿ ಕೊಂಡೊಯ್ದರೂ ಮೂಲಧನ ಎಳ್ಳಷ್ಟೂ ತಗ್ಗದು. ಆದುದರಿಂದ ಈ ಬಗೆಯ ಸಂಘದಲ್ಲಿ ಕೊರತೆ ಬೀಳುವ ವಸ್ತು ಸರಕಲ್ಲ, ದುಡಿಯುವ ಜನ. ಜನ ಬಂದು ನಿಲ್ಲದಿದ್ದರೆ ತಂತ್ರಾಂಶವು ಪರವಾನಗಿಯ ಸಮೇತ ಹಳತಾಗಿ ಕೆಡುತ್ತದೆ.

ಹೈದರಾಬಾದಿನಲ್ಲಿ ಜ್ಞಾನವನ್ನು ಹಂಚಿಕೊಂಡು ಬಾಳುವ ಎರಡು ಮಾದರಿಗಳು ಮೊದಲಿನಿಂದಲೂ ಇದ್ದವು. ೧೯೦೧ರ ಸೆಪ್ಟೆಂಬರ್ ೧ರಂದು ಕೊಮರ್ರಾಜು ಲಕ್ಷ್ಮಣರಾವ್, ರಾವಿಚೆಟ್ಟು ರಂಗರಾವ್ ಮೊದಲಾದವರು ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವನ್ನು ತೆರೆದರು. ತೆಲುಗಿಗೆ ರಾಜಾಶ್ರಯವಿಲ್ಲದ ಕಾಲದಲ್ಲಿ ಪುಸ್ತಕವನ್ನು ಓದಲು ಬಂದವನು ಅಲ್ಲಿ ನೆರೆಯವನೊಡನೆ ಮಾತಿಗೆ ಕುಳಿತು, ಕ್ರಮೇಣ ಕಾರ್ಯಕರ್ತನಾಗುತ್ತಿದ್ದನು. ಇದು ಮೊದಲನೆಯ ಮಾದರಿ. ೧೯೧೭ರಲ್ಲಿ ನಿಜಾಮ ಸರಕಾರವು ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಪೂರ್ವಭಾವಿಯಾಗಿ ಸ್ಥಾಪಿಸಿದ ದಾರುಲ್ ತರ್ಜುಮಾ ಎಂಬ ಭಾಷಾಂತರ ಕಾರ್ಯಾಲಯವು ಎರಡನೆಯದು. ಮೌಲ್ವಿ ಅಬ್ದುಲ್ ಹಕ್ಕರು ಅದರ ಮೊದಲ ಮುಖ್ಯಸ್ಥರು. ವೈದ್ಯ, ಗಣಿತ, ನ್ಯಾಯ, ಇತಿಹಾಸಗಳ ನೂರಾರು ಗ್ರಂಥಗಳನ್ನು ಉರ್ದುವಿಗೆ ತಂದು, ಪಾರಿಭಾಷಿಕ ಪದಗಳನ್ನು ಸಾವಿರಗಟ್ಟಲೆ ಟಂಕಿಸಿದ ಈ ಕಾರ್ಯಾಲಯದ ಸಾಧನೆ ಅಸಾಮಾನ್ಯವಾದುದು; ಭಾರತೀಯ ಭಾಷೆಯೊಂದರಲ್ಲಿ ಉಚ್ಚ ಶಿಕ್ಷಣ ಸಾಧ್ಯವೆಂಬುದನ್ನು ಅದು ಮಾಡಿ ತೋರಿಸಿತು. ಆದರೆ ಪದಗಳು ಪಂಡಿತರ ಸಮಿತಿಯಲ್ಲಿ ಹುಟ್ಟಿ, ಸರಕಾರದ ವೆಚ್ಚದಲ್ಲಿ ಅಚ್ಚಾಗಿ, ತರಗತಿಗೆ ಇಳಿಯುತ್ತಿದ್ದವು. ಓದುವವನಿಗೆ ತಿದ್ದುವ ಅಧಿಕಾರವಿರಲಿಲ್ಲ. ೧೯೪೮ರಲ್ಲಿ ನಿಜಾಮರ ಆಳಿಕೆ ಕೊನೆಗೊಂಡು ಬೋಧನಭಾಷೆಯು ಇಂಗ್ಲಿಷಿಗೆ ತಿರುಗಿದೊಡನೆ ಆ ಪದಭಂಡಾರಕ್ಕೆ ವಿಶ್ವವಿದ್ಯಾನಿಲಯದಲ್ಲಿ ಆಶ್ರಯ ತಪ್ಪಿತು. ಭಾಷಾ ನಿಲಯವಾದರೋ ಸುಲ್ತಾನ್ ಬಜಾರಿನಲ್ಲಿ ಉಳಿದುಕೊಂಡಿತು.

೨೦೦೫ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ 'ಸ್ವೇಚ್ಛ' ಎಂಬ ಬಳಗವು ದಾರುಲ್ ತರ್ಜುಮಾದ ಕೆಲಸವನ್ನು ಭಾಷಾ ನಿಲಯದ ರೀತಿಯಲ್ಲಿ ಮಾಡಹೊರಟಿತೆನ್ನಬಹುದು. (ಕನ್ನಡದ ಕಿವಿಗೆ ಈ ಹೆಸರು ಒಡನೆಯೇ ಸ್ವೇಚ್ಛಾಚಾರವನ್ನು ನೆನಪಿಗೆ ತರುತ್ತದೆ, ತೆಲುಗಿನಲ್ಲಿ ಅದಕ್ಕೆ ಸ್ವಾತಂತ್ರ್ಯವೆಂದೇ ಅರ್ಥ.) ಗಣಕದ ಕಾರ್ಯಾಚರಣೆಯ ವ್ಯವಸ್ಥೆಯನ್ನು ತೆಲುಗಿಗೆ ತರುವುದು ಅದರ ಮೊದಲ ಉದ್ದೇಶವಾಗಿತ್ತು. ಪರದೆಯ ಮೇಲೆ ಮೂಡುವ ಸಾವಿರಾರು ಚಿಕ್ಕ ವಾಕ್ಯಗಳಿಗೆ ತೆಲುಗು ರೂಪ ಕೊಡುವ ಕೆಲಸಕ್ಕೆ ಪಂಡಿತರ ಸಮಿತಿಯನ್ನು ಕಾಯದೆ, ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳನ್ನು ಬಳಸಿಕೊಳ್ಳಲಾಯಿತು. ಕಾಲೇಜು ಕಾಲೇಜಿನಲ್ಲಿ ಬಳಕೆದಾರರ ಕೂಟಗಳು ಏರ್ಪಟ್ಟವು. ಬೇಸಿಗೆಯ ಶಿಬಿರಗಳು ನಡೆದವು. ಶಾಲಾಮಕ್ಕಳಿಗೆಂದು 'ಬಾಲ ಸ್ವೇಚ್ಛ' ಎಂಬ ಆವೃತ್ತಿಯೂ ಸಿದ್ಧವಾಯಿತು. ಆ ವಿದ್ಯಾರ್ಥಿಗಳ ತೆಲುಗು ಸಮಿತಿಯ ಪಂಡಿತರಿಗೆ ಒಪ್ಪಿಗೆಯಾಗುವಂಥದಾಗಿರಲಾರದು. ಆದರೆ ಇಂದು ಕಚ್ಚಾ ಅನುವಾದ ಮಾಡಿದವನೇ ನಾಳೆ ಕಿರಿಯನ ತಪ್ಪನ್ನು ತಿದ್ದುವನೆಂಬುದೇ ಇಂಥ ಬಳಗದ ಅರ್ಥಶಾಸ್ತ್ರ. ಇದರ ಫಲ ಕೆಲವು ವರ್ಷಗಳ ಮೇಲೆ ಕಂಡಿತು. ೨೦೨೩–೨೪ರಲ್ಲಿ ಗಣಕಕ್ಕೆ ತೆಲುಗು ಕಲಿಸುವ ಸಲುವಾಗಿ ಹಳೆಯ ಕಥೆಗಳ ಪುಟಗಳನ್ನು ಗಣಕಕ್ಕೇರಿಸಿ ತಿದ್ದುವ ಕಾರ್ಯವನ್ನು ಸ್ವೇಚ್ಛ ಕೈಗೊಂಡಾಗ ಸಾವಿರಾರು ವಿದ್ಯಾರ್ಥಿಗಳು ಒಟ್ಟಾದರು. ವೇತನ ಕೊಟ್ಟು ಕೂಡಿಸಬಹುದಾದ ಸಂಖ್ಯೆ ಅದಲ್ಲ.

ಕನ್ನಡದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಇಲ್ಲಿ ಮೊದಲು ಬಂದುದು ವ್ಯಕ್ತಿಗಳ ಔದಾರ್ಯ. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾಯರು ಕನ್ನಡದ ಧ್ವನಿಕ್ರಮವನ್ನನುಸರಿಸಿ ರಚಿಸಿದ ಕೀಲಿಮಣೆಯ ವಿನ್ಯಾಸವನ್ನು ಯಾವ ಹಕ್ಕನ್ನೂ ಕಾದಿರಿಸಿಕೊಳ್ಳದೆ ನಾಡಿಗೆ ಬಿಟ್ಟುಕೊಟ್ಟರು. ೧೯೯೮ರಲ್ಲಿ ಶೇಷಾದ್ರಿವಾಸುಗಳ 'ಬರಹ' ಹೊರಬಂದು, ಹೊರನಾಡಿನ ಕನ್ನಡಿಗರಿಗೆ ಮನೆಯಲ್ಲೇ ಕನ್ನಡ ಬರೆಯುವ ಭಾಗ್ಯವನ್ನು ಬೆಲೆಯಿಲ್ಲದೆ ಒದಗಿಸಿತು. ಅದರ ಉಪಕಾರವನ್ನು ಮರೆಯಲಾಗದು. ಆದರೂ ಉಚಿತವಾದುದೆಲ್ಲ ಮುಕ್ತವಲ್ಲವೆಂಬುದನ್ನು ಗಮನಿಸಬೇಕು. ಮೂಲಪಾಠವು ಕರ್ತೃವಿನ ಕೈಯಲ್ಲೇ ಇರುವಾಗ ಓದುಗನು ಕೃತಜ್ಞನಾಗಬಲ್ಲನೇ ಹೊರತು ಪಾಲುಗಾರನಾಗಲಾರನು. ಬಹುಮಂದಿ ಸೇರಿ ಕಟ್ಟುವ ಪದ್ಧತಿ ಕನ್ನಡದಲ್ಲಿ ಬೇರೂರಿದುದು ೨೦೦೩ರ ಜೂನಿನಲ್ಲಿ ಕನ್ನಡ ವಿಕಿಪೀಡಿಯ, ೨೦೦೫ರಲ್ಲಿ ಹರಿಪ್ರಸಾದ್ ನಾಡಿಗರ 'ಸಂಪದ', ತರುವಾಯ 'ಸಂಚಯ' ಬಳಗ — ಇವುಗಳಿಂದ. ಸಂಚಯದವರು ಓ. ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಮೊದಲಾದ ಸಾಹಿತಿಗಳ ನೆರವಿನಿಂದ ೨೦,೦೦೦ಕ್ಕೂ ಮಿಕ್ಕ ವಚನಗಳನ್ನು ಪದಪದವಾಗಿ ಹುಡುಕಬಹುದಾದ ರೂಪದಲ್ಲಿ ಒಡ್ಡಿದ್ದು, ಸಂಶೋಧಕರಿಗೆ ಸಂದ ದೊಡ್ಡ ಉಪಕಾರ. ಮಲಯಾಳಿಗಳು ೨೦೦೨ರಿಂದ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಎಂಬ ಹೆಸರಿನಲ್ಲಿ ನಡೆಸಿದ ಕೆಲಸ ಇದೇ ಬಗೆಯದು.

ವಿಕಿಪೀಡಿಯವು ಓಡುವ ತಂತ್ರಾಂಶವೂ ಮುಕ್ತವಾದುದೇ. ಅದರಲ್ಲಿ ಸದಸ್ಯರು ಕೂಡಿ ಚರ್ಚಿಸುವ ಪುಟವೊಂದಿದೆ. ಅದಕ್ಕೆ ಭಾರತದ ಭಾಷೆಗಳು ಇಟ್ಟುಕೊಂಡ ಹೆಸರುಗಳನ್ನು ನೋಡಿದರೆ ಸಂತೋಷವಾಗುತ್ತದೆ. ಕನ್ನಡದಲ್ಲಿ ಅದು ಅರಳಿ ಕಟ್ಟೆ, ತೆಲುಗಿನಲ್ಲಿ ರಚ್ಚಬಂಡ, ತಮಿಳಿನಲ್ಲಿ ಆಲಮರತ್ತಡಿ, ಎಂದರೆ ಆಲದ ಮರದಡಿ, ಮರಾಠಿಯಲ್ಲಿ ಚಾವಡಿ, ಹಿಂದಿಯಲ್ಲಿ ಚೌಪಾಲ್. ಯಾವ ಸಮಿತಿಯೂ ಟಂಕಿಸದ ಈ ಪದಗಳು ಪಾರಿಭಾಷಿಕ ಕೋಶಗಳಲ್ಲಿನ ಎಷ್ಟೋ ಪದಗಳಿಗಿಂತ ಸಮರ್ಥವಾಗಿವೆ. ಆದರೆ ಹಳ್ಳಿಯ ಅರಳಿ ಕಟ್ಟೆಯ ಮೇಲೆ ಯಾರು ಕುಳಿತುಕೊಳ್ಳುತ್ತಿದ್ದರು, ಯಾರು ದೂರ ನಿಲ್ಲುತ್ತಿದ್ದರು ಎಂಬುದನ್ನೂ ಚರಿತ್ರೆ ಬಲ್ಲದು. ಹೆಂಗಸರು ಅಲ್ಲಿ ಕೂರುತ್ತಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರಿಗೆ ಅದರ ನೆರಳೂ ಇರಲಿಲ್ಲ. ಹೆಸರಿನೊಡನೆ ಕಟ್ಟೆಯ ಪದ್ಧತಿಯೂ ಬಂದುಬಿಟ್ಟರೆ ಪರವಾನಗಿಯು ಅದನ್ನು ತಡೆಯಲಾರದು.

ಇದು ಬರಿಯ ಶಂಕೆಯಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ ೨೦೦೭ರ ಬಳಿಕ ಇಳಿಯುತ್ತ ಹೋದುದೇಕೆಂದು ಆರನ್ ಹಾಫೇಕರ್ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಶೀಲಿಸಿದರು. ಕಿಡಿಗೇಡಿಗಳನ್ನು ತಡೆಯಲೆಂದು ರಚಿಸಿದ ಯಾಂತ್ರಿಕ ಸಾಧನಗಳೂ ಬಿಗಿಯಾದ ನಿಯಮಗಳೂ ಸದುದ್ದೇಶದಿಂದ ಬಂದ ಹೊಸಬರ ಬರವಣಿಗೆಯನ್ನೂ ಅಳಿಸಿಹಾಕಿ, ಅವರು ಮರಳಿ ಬರದಂತೆ ಮಾಡಿದ್ದುವೆಂಬುದು ಅವರ ನಿರ್ಣಯ. ಹೊಸಬರನ್ನು ಕಚ್ಚಬೇಡಿರೆಂಬ ಸೂತ್ರ ಅಲ್ಲಿ ಮೊದಲಿನಿಂದಲೂ ಇತ್ತೆಂಬುದು ವಿನೋದ. ಕೆಲವು ಭಾಷೆಗಳಲ್ಲಿ ಈಗ ಸ್ವಾಗತದ ಪತ್ರವನ್ನು ಹೊಸ ಸದಸ್ಯನಿಗೆ ಯಂತ್ರವೇ ಬರೆಯುತ್ತದೆ. ಯಂತ್ರವು ಬಾಗಿಲಲ್ಲಿ ಕೈಮುಗಿದರೂ, ಒಳಗಿನ ಜಗುಲಿಯ ಮೇಲೆ ಮಾತನಾಡಿಸುವವನು ಮನುಷ್ಯನೇ ಆಗಬೇಕು. ಲಿನಕ್ಸಿನ ಬಳಗವಂತೂ ಒರಟು ಮಾತಿಗೆ ಹೆಸರಾಗಿತ್ತು. ೨೦೧೮ರ ಸೆಪ್ಟೆಂಬರಿನಲ್ಲಿ ಟೊರ್ವಾಲ್ಡ್ಸರು ತಮ್ಮ ನಡತೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿ ಕೆಲಕಾಲ ಕೆಲಸದಿಂದ ದೂರವಿದ್ದರು. ಆ ತಿಂಗಳಲ್ಲೇ ಬಳಗವು ನಡಾವಳಿಯ ಸಂಹಿತೆಯೊಂದನ್ನು ಅಂಗೀಕರಿಸಿತು. ೨೦೨೧ರಲ್ಲಿ ವಿಕಿಮೀಡಿಯ ಪ್ರತಿಷ್ಠಾನವು ತನ್ನ ಎಲ್ಲ ಯೋಜನೆಗಳಿಗೂ ಕೂಟಗಳಿಗೂ ಅನ್ವಯಿಸುವ ಸಾರ್ವತ್ರಿಕ ಸಂಹಿತೆಯನ್ನು ಹೊರಡಿಸಿತು. ಹೀಗಿರಲಾಗಿ, ೨೦೨೩ರ ಏಪ್ರಿಲ್ ೨೮ರಿಂದ ೩೦ರ ವರೆಗೆ ಭಾರತದ ವಿಕಿ ಸಮ್ಮೇಳನವು ಹೈದರಾಬಾದಿನಲ್ಲಿ ನೆರೆದಾಗ, ವೆಂಕಟರಾಮರಾಯರನ್ನು ನಗೆಗೀಡುಮಾಡಿದ ಊರಿನಲ್ಲಿಯೇ, ಅಪಹಾಸ್ಯವನ್ನು ನಿಷೇಧಿಸುವ ಲಿಖಿತ ನಿಯಮದ ಅಡಿಯಲ್ಲಿ ಹಲವು ಭಾಷೆಗಳವರು ಒಂದೇ ಸೂರಿನ ಕೆಳಗೆ ಕೂಡಿದಂತಾಯಿತು.

ಸೇರದವನು ಬೇರೆ ಮನೆ ಕಟ್ಟಿಕೊಳ್ಳಲಿ ಎಂಬ ವಾದವೂ ಉಂಟು. ಮುಕ್ತ ಪರವಾನಗಿಯಲ್ಲಿ ಕವಲೊಡೆಯುವ ಹಕ್ಕು ನಿಜವಾಗಿಯೂ ಇದೆ. ೨೦೧೦ರಲ್ಲಿ ಓಪನ್ ಆಫೀಸಿನಿಂದ ಲಿಬ್ರೆ ಆಫೀಸ್ ಕವಲೊಡೆದು ಚೆನ್ನಾಗಿಯೇ ಬಾಳಿತು. ೧೯೨೧ರ ತೆಲುಗರೂ ಕವಲೊಡೆದವರೇ. ಆದರೆ ಜನಬಲವಿದ್ದ ತೆಲುಗರಿಗೆ ಸಾಧ್ಯವಾದುದು ಎಲ್ಲರಿಗೂ ಸಾಧ್ಯವಲ್ಲ. ತೆಲುಗು ವಿಕಿಪೀಡಿಯದ ಲೇಖನಗಳು ಒಂದು ಲಕ್ಷವನ್ನು ದಾಟಿವೆ. ಕನ್ನಡದವು ಮೂವತ್ತು ಸಾವಿರದ ಆಚೆ ಈಚೆ. ತೆಲುಗಿನ ಮೊತ್ತದಲ್ಲಿ ಗ್ರಾಮಗಳ ಕುರಿತಾದ ಪುಟ್ಟ ಲೇಖನಗಳ ಪಾಲು ಹಿರಿದೆಂಬುದನ್ನು ಕಳೆದರೂ ಅಂತರವು ಉಳಿಯುತ್ತದೆ. ಇಷ್ಟು ಸಣ್ಣ ಬಳಗದಲ್ಲಿ ಮುನಿಸಿಕೊಂಡು ಹೋದ ಐವರು ಹೊಸ ಬಳಗ ಕಟ್ಟುವುದಿಲ್ಲ, ಸುಮ್ಮನಾಗುತ್ತಾರೆ.

ಹೈದರಾಬಾದಿನ ಕನ್ನಡಿಗರಿಗೆ ಈ ವಿಚಾರ ಹೊರಗಿನದಲ್ಲ. ೧೯೫೬ರ ನವೆಂಬರ್ ೧ರಂದು ಬೀದರ, ಗುಲಬರ್ಗಾ, ರಾಯಚೂರುಗಳು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಇಲ್ಲಿನ ಕನ್ನಡವು ಮನೆಯ ಮತ್ತು ಸಂಘದ ಭಾಷೆಯಾಗಿ ಉಳಿಯಿತು. ಮನೆಯಲ್ಲಿ ಕನ್ನಡವಾಡುತ್ತ ಶಾಲೆಯಲ್ಲಿ ತೆಲುಗು ಕಲಿತ ತರುಣನೊಬ್ಬನು ಕನ್ನಡದ ತಂತ್ರಾಂಶಕ್ಕೆ ನಾಲ್ಕು ವಾಕ್ಯಗಳನ್ನು ಅನುವಾದಿಸಿ ಕಳುಹಿದನೆಂದು ಭಾವಿಸೋಣ. ಕಾಗುಣಿತ ತಪ್ಪುವುದು ಸಹಜ. 'ಕಡತ'ವೆಂಬ ಪದ ತಿಳಿಯದೆ 'ಫೈಲು' ಎಂದೇ ಬರೆದಿರಬಹುದು. ಬೆಂಗಳೂರಿನಲ್ಲೋ ಬಾಸ್ಟನ್ನಿನಲ್ಲೋ ಕುಳಿತ ಹಿರಿಯ ಸದಸ್ಯನು ಅದನ್ನು ಮೌನವಾಗಿ ಅಳಿಸಬಹುದು. ಇಲ್ಲವೆ ತಿದ್ದಿ, ತಿದ್ದಿದ ಕಾರಣವನ್ನು ಎರಡು ಸಾಲಿನಲ್ಲಿ ಬರೆದು, ಇನ್ನು ಹತ್ತು ವಾಕ್ಯಗಳನ್ನು ವಹಿಸಬಹುದು. ಮೊದಲ ಕ್ರಮಕ್ಕೆ ಅರ್ಧ ನಿಮಿಷ ಸಾಕು. ಎರಡನೆಯದಕ್ಕೆ ಹತ್ತು ನಿಮಿಷ ಬೇಕು. ಊರಿನ ಸಂಘದಲ್ಲಿ ಪದಾಧಿಕಾರಿಯಾಗಲು ಊರಿನಲ್ಲಿ ನೆಲಸಿರಬೇಕು. ಈ ಬಳಗದ ಸದಸ್ಯತ್ವಕ್ಕೆ ಗಡಿಯೂ ಇಲ್ಲ, ಚಂದಾ ಹಣವೂ ಇಲ್ಲ. ಆ ಹತ್ತು ನಿಮಿಷವೇ ಅದರ ಬಂಡವಾಳ.

ಆ ತರುಣನ ತೆಲುಗು ಇಲ್ಲಿ ಕೊರತೆಯೂ ಅಲ್ಲ. ಕನ್ನಡ ತೆಲುಗು ಲಿಪಿಗಳು ಒಡಹುಟ್ಟಿದವು. ಮುಕ್ತ ತಂತ್ರಾಂಶಗಳಲ್ಲಿ ಅಕ್ಷರಗಳನ್ನು ಒತ್ತುಗಳೊಡನೆ ಜೋಡಿಸುವ ಹಾರ್ಫ್‌ಬಜ್ ಎಂಬ ಕ್ರಮವಿಧಿಯು ಎರಡನ್ನೂ ಒಂದೇ ವಿಭಾಗದಲ್ಲಿ ನಿರ್ವಹಿಸುತ್ತದೆ. ಕನ್ನಡದ 'ಸೂರ್ಯ'ದಲ್ಲಿ ಅರ್ಕಾವೊತ್ತು ಮೂಡಬೇಕು. 'ರ‍್ಯಾಂಕ್' ಎಂಬಲ್ಲಿ ರಕಾರವೇ ನಿಂತು ಯಕಾರವು ಒತ್ತಾಗಬೇಕು. ಎರಡರಲ್ಲಿಯೂ ಅಕ್ಷರಗಳ ಸರಣಿ ಒಂದೇ ಆದುದರಿಂದ, ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದನ್ನು ನಡುವೆ ಇಟ್ಟು ಭೇದವನ್ನು ಸಾಧಿಸಲಾಗಿದೆ. ಒಂದು ಲಿಪಿಗಾಗಿ ಮಾಡಿದ ತಿದ್ದುಪಡಿಯು ಇನ್ನೊಂದನ್ನು ಕೆಡಿಸದೆ ಇದೆಯೇ ಎಂದು ಪರೀಕ್ಷಿಸಲು ಎರಡನ್ನೂ ಓದಬಲ್ಲ ಕಣ್ಣುಗಳು ಬೇಕು. ಹೈದರಾಬಾದಿನ ಕನ್ನಡ ಮನೆಗಳಲ್ಲಿ ಅವು ಅಪೂರ್ವವಲ್ಲ.