ಮಡಿ, ಮಡಿವಾಳ, ಮಡಿವಂತ: ಒಂದು ಪದಕುಲದ ಚರಿತ್ರೆ

ತನ್ನ ಆಚಾರವೇ ಲೋಕಕ್ಕೆಲ್ಲ ಅಳತೆಗೋಲೆಂದು ಭಾವಿಸುವವನನ್ನು ಕರೆಯಲು ಕನ್ನಡದಲ್ಲಿ ಪದಗಳ ಕೊರತೆಯಿಲ್ಲ. ಆಷಾಢಭೂತಿ, ಬಕಧ್ಯಾನಿ, ಡಾಂಭಿಕ, ಸೋಗಲಾಡಿ, ಕರ್ಮಠ, ಮಡಿವಂತ ಎಂಬಿವು ಬರಹದಲ್ಲಿಯೂ ಮಾತಿನಲ್ಲಿಯೂ ಒಂದರ ಬದಲಿಗೆ ಇನ್ನೊಂದು ಬರುವುದುಂಟು. ಆದರೆ ಇವು ಒಂದೇ ಬಗೆಯ ಮನುಷ್ಯನನ್ನು ಸೂಚಿಸುವುದಿಲ್ಲ. ಮೊದಲ ನಾಲ್ಕು ನಟಿಸುವವನನ್ನು ಹೇಳುತ್ತವೆ. ಕೊನೆಯ ಎರಡು, ನಂಬಿ ನಡೆಯುವವನನ್ನು. ಈ ವ್ಯತ್ಯಾಸವನ್ನು ಮರೆತರೆ ನಮ್ಮ ಸಾಮಾಜಿಕ ಚರಿತ್ರೆಯ ಒಂದು ಮುಖವೇ ಕಾಣದಂತಾಗುತ್ತದೆ.

ನಟಿಸುವವನ ಪದಗಳು ಹೆಚ್ಚಾಗಿ ಸಂಸ್ಕೃತದ ಕಥಾಪರಂಪರೆಯಿಂದ ಬಂದವು. ಪಂಚತಂತ್ರದ ಆಷಾಢಭೂತಿ ದೇವಶರ್ಮನೆಂಬ ಸನ್ಯಾಸಿಯ ಶಿಷ್ಯನಾಗಿ ನಂಬಿಕೆ ಗಳಿಸಿ, ಕಂಥೆಯಲ್ಲಿ ಅಡಗಿಸಿಟ್ಟ ಹಣದೊಡನೆ ಪರಾರಿಯಾದವನು, ಮೂಲತಃ ಕಳ್ಳ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಬಕವ್ರತಿಯನ್ನೂ ಬೈಡಾಲವ್ರತಿಯನ್ನೂ, ಎಂದರೆ ಕೊಕ್ಕರೆಯ ಮತ್ತು ಬೆಕ್ಕಿನ ವ್ರತದವರನ್ನು, ಲಕ್ಷಣಸಹಿತ ಖಂಡಿಸುತ್ತದೆ. ಮಾಮಲ್ಲಪುರದ ಏಳನೆಯ ಶತಮಾನದ ಬೃಹತ್ ಉಬ್ಬುಶಿಲ್ಪದಲ್ಲಿ ಮುಂಗಾಲೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನೂ ಅದರ ಸುತ್ತಲಿನ ಇಲಿಗಳನ್ನೂ ಇಂದಿಗೂ ನೋಡಬಹುದು. ಪುರಂದರದಾಸರ ಕೀರ್ತನೆಯಿಂದ ಪ್ರಚುರವಾದ 'ಉದರವೈರಾಗ್ಯ' ಎಂಬ ಸಮಾಸ ಇದೇ ಸಾಲಿನದು. ಇವುಗಳ ಅರ್ಥದಲ್ಲಿ ಗೊಂದಲವಿಲ್ಲ. ಒಳಗೊಂದು ಹೊರಗೊಂದು ಎಂಬುದೇ ಎಲ್ಲಕ್ಕೂ ಸಮಾನವಾದ ಆರೋಪ.

'ಮಡಿವಂತ'ದ ಕಥೆ ಹೀಗೆ ಸರಳವಲ್ಲ. ಮಡಿ ಎಂದರೆ ಒಗೆದ ಬಟ್ಟೆ, ಅದರಿಂದ ಶುದ್ಧಿ. ತಮಿಳು, ತೆಲುಗು, ತುಳುಗಳಲ್ಲಿಯೂ ಈ ಮಾತಿದೆ. (ಮಡಿಚುವ ಮಡಿ, ಸಾಯುವ ಮಡಿ, ತೋಟದ ಮಡಿ ಇವುಗಳನ್ನು ಒಂದೇ ಧಾತುವಿಗೆ ಕಟ್ಟುವ ಉತ್ಸಾಹ ಕೆಲವರಲ್ಲಿದೆ, ಅದು ಅವಸರದ ಕೆಲಸ.) ಬಟ್ಟೆಯನ್ನು ಮಡಿ ಮಾಡುವವನು ಮಡಿವಾಳ. ಆದರೆ ಆಚಾರವಂತರ ಮನೆಯಲ್ಲಿ ಮಡಿವಾಳ ಒಗೆದು ತಂದ ಬಟ್ಟೆ ಮಡಿಯಲ್ಲ! ಅದನ್ನು ಮನೆಯವರೇ ಮತ್ತೆ ನೀರಿನಲ್ಲಿ ಅದ್ದಿ ಹಿಂಡಿ, ಯಾರ ಕೈಗೂ ಎಟುಕದ ಗಳುವಿನ ಮೇಲೆ ಕೋಲಿನಿಂದ ಹರವಿ ಒಣಗಿಸಬೇಕು. ರೇಷ್ಮೆಯ ಪಟ್ಟೆಮಡಿಗೂ ಉಣ್ಣೆಯ ಧಾವಳಿಗೂ ಈ ನಿತ್ಯದ ಒಗೆತದಿಂದ ವಿನಾಯಿತಿ ಇತ್ತು. ಕೊಳೆ ತೆಗೆದವನ ಹೆಸರಿನಲ್ಲಿ ಮಡಿ ಉಳಿಯಿತು, ಅವನ ಸ್ಪರ್ಶದಲ್ಲಿ ಉಳಿಯಲಿಲ್ಲ. ಶುಚಿತ್ವಕ್ಕೂ ಶುದ್ಧಿಗೂ ನಡುವೆ ಬಿದ್ದ ಈ ಬಿರುಕನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಪದಜೋಡಿ ಕನ್ನಡದಲ್ಲಿ ಬೇರೊಂದು ದೊರೆಯುವುದು ಕಷ್ಟ.

ಹನ್ನೆರಡನೆಯ ಶತಮಾನದ ಮಡಿವಾಳ ಮಾಚಯ್ಯನ ಸ್ಥಾನ ಇಲ್ಲಿ ವಿಶೇಷವಾದುದು. ಶರಣರ ಬಟ್ಟೆಯ ಗಂಟನ್ನು ಭವಿಗಳು ಮುಟ್ಟದಂತೆ ಅವನು ಕಾಯುತ್ತಿದ್ದನೆಂದು ವೀರಶೈವ ಪುರಾಣಪರಂಪರೆ ಹೇಳುತ್ತದೆ. ಮುಟ್ಟಿಸಿಕೊಳ್ಳದವರು ಯಾರು ಎಂಬುದು ಇಲ್ಲಿ ತಲೆಕೆಳಗಾಯಿತು, ನಿಜ. ಆದರೆ ಮುಟ್ಟದಿರುವ ನಿಯಮ ಮಾತ್ರ ಹಾಗೆಯೇ ಉಳಿಯಿತು. ಅದೇ ಪರಿಸರದ ಅಕ್ಕಮ್ಮನ ಅಂಕಿತದಲ್ಲಿಯೇ ಆಚಾರವು ಪ್ರಾಣವೆನಿಸಿದೆ. ವಚನಕಾರರೆಲ್ಲರೂ ಆಚಾರವನ್ನೇ ನಿರಾಕರಿಸಿದರೆಂಬ ಹೇಳಿಕೆಯನ್ನು ಈ ಕಾರಣಕ್ಕಾಗಿ ನಾನು ಒಪ್ಪಲಾರೆ. ಅವರು ಹಳಿದದ್ದು ನುಡಿಯೊಂದು ನಡೆಯೊಂದಾದ ಆಚಾರವನ್ನು.

ಈ ಪದಕುಲದ ಅತ್ಯಂತ ನೋವಿನ ಪ್ರಯೋಗ 'ಮಡಿ ಹೆಂಗಸು' ಎಂಬುದು. ಬ್ರಾಹ್ಮಣ ಕುಟುಂಬಗಳಲ್ಲಿ ಕೇಶಮುಂಡನವಾಗಿ ಕೆಂಪು ಸೀರೆ ಉಟ್ಟ ವಿಧವೆಯನ್ನು ಹೀಗೆ ಕರೆಯುತ್ತಿದ್ದರು. ಇಲ್ಲಿ ಮಡಿ ಆಯ್ಕೆಯಲ್ಲ, ಹೇರಿಕೆ. ಒಪ್ಪತ್ತಿನ ಊಟ, ಒದ್ದೆ ಸೀರೆ, ಎಲ್ಲರಿಂದ ದೂರ ಕುಳಿತುಕೊಳ್ಳುವ ಮೂಲೆ, ಇವು ಎಷ್ಟೋ ಮಂದಿಗೆ ಬಾಲ್ಯದಲ್ಲಿಯೇ ಬಂದವು. ಮನೆಯ ಮಕ್ಕಳು ಗೇಲಿ ಮಾಡುತ್ತಿದ್ದ 'ಮಡಿಯ ಅಜ್ಜಿ' ತನ್ನ ಕಟ್ಟುನಿಟ್ಟನ್ನು ತಾನಾಗಿ ರೂಪಿಸಿಕೊಂಡವಳಲ್ಲ. ಆ ನಿಯಮಗಳಲ್ಲಿ ಅವಳಿಗೆ ಅಧಿಕಾರದ ಒಂದು ಚೂರು ಸಿಕ್ಕಿತ್ತು. ಅದನ್ನವಳು ಬಿಗಿಯಾಗಿ ಹಿಡಿದುಕೊಂಡಳು.

ಆಧುನಿಕ ವಿಮರ್ಶೆಯಲ್ಲಿ 'ಮಡಿವಂತಿಕೆ' ಬಟ್ಟೆಯ ನಂಟನ್ನು ಪೂರ್ಣವಾಗಿ ಕಳೆದುಕೊಂಡಿತು. ಭಾಷೆಯ ಮಡಿವಂತಿಕೆ, ಸಾಹಿತ್ಯದ ಮಡಿವಂತಿಕೆ ಎಂಬ ಪ್ರಯೋಗಗಳು ನೆಲೆಗೊಂಡವು. ಪದ ಬರಿಯ ಬೈಗುಳವಾಯಿತು. ಆದರೆ ನಮ್ಮ ಕಾದಂಬರಿಕಾರರು ಹೆಚ್ಚು ಎಚ್ಚರ ವಹಿಸಿದ್ದಾರೆ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ದ (1965) ಪ್ರಾಣೇಶಾಚಾರ್ಯ ಕರ್ಮಠನೇ ಹೊರತು ಆಷಾಢಭೂತಿಯಲ್ಲ. ಚಂದ್ರಿಯೊಡನೆ ಕೂಡಿದ್ದನ್ನು ಬಚ್ಚಿಡಬಹುದೆಂಬ ಸಾಧ್ಯತೆ ಎದುರಾದಾಗಲೇ ಅವನ ನಿಜವಾದ ತೊಳಲಾಟ ಆರಂಭವಾಗುತ್ತದೆ. ಆವರೆಗೆ ಅವನಿಗೆ ನಟನೆಯ ಅಗತ್ಯವೇ ಬಿದ್ದಿರಲಿಲ್ಲ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಇನ್ನೂ ಮುಂದೆ ಹೋಗುತ್ತದೆ. ಬಾಲವಿಧವೆ ಫಣಿಯಮ್ಮನದು ಅಪ್ಪಟ ಮಡಿ. ಅಷ್ಟು ಕಠಿಣವಾದುದನ್ನು ಕಾದಂಬರಿಯಲ್ಲಿ ಬೇರಾರೂ ಪಾಲಿಸುವುದಿಲ್ಲ. ಆದರೂ ಅಸ್ಪೃಶ್ಯಳೆನಿಸಿದ ಹೆಣ್ಣಿನ ಕಷ್ಟದ ಹೆರಿಗೆಗೆ ಅವಳು ಕೈ ನೀಡುತ್ತಾಳೆ. ಇನ್ನೊಬ್ಬ ಎಳೆಯ ವಿಧವೆಯ ತಲೆ ಬೋಳಿಸುವ ಮಾತು ಬಂದಾಗ ಅವಳ ಸಹಾನುಭೂತಿ ಸಂಪ್ರದಾಯದ ಕಡೆಗಲ್ಲ, ಆ ಹುಡುಗಿಯ ಕಡೆಗೆ. ಇವಳನ್ನು ಮಡಿವಂತಳೆನ್ನಲು ನಾಲಗೆ ಏಳುವುದಿಲ್ಲ. ಅನ್ನದಿರಲು ಪದದ ಮೂಲಾರ್ಥ ಬಿಡುವುದಿಲ್ಲ.