ಬಡವರ ಮನೆಯ ಮೆಟ್ಟಿಲೇರಿದ ಪ್ರಾಧ್ಯಾಪಕ: ಧನ್ಯ ಫ್ರೆಡರಿಕ್ ಓಜನಾಮ್

ದೇವಾಲಯದ ಅಡಿಗಲ್ಲನ್ನಿಟ್ಟ ಧರ್ಮಗುರುಗಳನ್ನೂ, ಭೂಮಿಯನ್ನು ದಾನವಿತ್ತ ಮನೆತನಗಳನ್ನೂ, ಗಂಟೆಯನ್ನು ತರಿಸಿಕೊಟ್ಟ ಪುಣ್ಯವಂತರನ್ನೂ ಶತಮಾನೋತ್ಸವದ ಸಂದರ್ಭದಲ್ಲಿ ಸ್ಮರಿಸುವುದು ನಮ್ಮ ಧರ್ಮಕೇಂದ್ರಗಳಲ್ಲಿ ನಡೆದುಬಂದ ಸತ್ಸಂಪ್ರದಾಯ. ಆದರೆ ಬಲಿಪೂಜೆ ಮುಗಿದು ಜನರೆಲ್ಲರೂ ಮನೆಯತ್ತ ತಿರುಗಿದ ಮೇಲೆ ಒಂದು ಕೊಠಡಿಯಲ್ಲಿ ಹತ್ತು ಹನ್ನೆರಡು ಮಂದಿ ಕುಳಿತು, ಪ್ರಾರ್ಥನೆ ಸಲ್ಲಿಸಿ, ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯದಂತೆ ಚೀಲದೊಳಕ್ಕೆ ಕಾಣಿಕೆ ಹಾಕಿ, ಆಮೇಲೆ ಇಬ್ಬಿಬ್ಬರಾಗಿ ಬಡವರ ಮನೆಗಳಿಗೆ ಹೊರಡುವುದುಂಟಲ್ಲವೆ? ಆ ಸಂತ ವಿನ್ಸೆಂಟ್ ದೆ ಪೌಲರ ಸಭೆಯವರ ಹೆಸರುಗಳು ಕಲ್ಲಿನ ಮೇಲೆ ಕೆತ್ತಿಸಿಕೊಂಡವಲ್ಲ. ಆ ಸಭೆಯ ಮೂಲಪುರುಷನ ಹೆಸರೂ ನಮ್ಮಲ್ಲಿ ಹಲವರಿಗೆ ಅಪರಿಚಿತವೇ. ಸಂತ ವಿನ್ಸೆಂಟರೇ ಅದನ್ನು ಸ್ಥಾಪಿಸಿದರೆಂದು ತಿಳಿದವರು ಬಹುಮಂದಿ. ಆ ಸಂತರು ದೈವಾಧೀನರಾದದ್ದು 1660ರಲ್ಲಿ. ಸಭೆ ಹುಟ್ಟಿದ್ದು 1833ರಲ್ಲಿ. ಹುಟ್ಟಿಸಿದವರು ಧರ್ಮಗುರುಗಳಲ್ಲ, ಸನ್ಯಾಸಿಗಳಲ್ಲ, ಪ್ಯಾರಿಸ್ ನಗರದ ಕೆಲವು ಕಾಲೇಜು ಹುಡುಗರು. ಅವರಲ್ಲಿ ಪ್ರಮುಖನಾದ ಫ್ರೆಡರಿಕ್ ಓಜನಾಮನಿಗೆ ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿತ್ತು.

ಓಜನಾಮ್ ಜನಿಸಿದ್ದು 1813ರ ಏಪ್ರಿಲ್ 23ರಂದು, ಅಂದು ನೆಪೋಲಿಯನ್ನನ ಆಡಳಿತದಲ್ಲಿದ್ದ ಇಟಲಿಯ ಮಿಲಾನ್ ನಗರದಲ್ಲಿ. ಕೆಲವೇ ವರ್ಷಗಳಲ್ಲಿ ಕುಟುಂಬವು ಸ್ವಂತ ಊರಾದ ಫ್ರಾನ್ಸಿನ ಲಿಯೋನಿಗೆ ಮರಳಿತು. ತಂದೆ ಮೊದಲು ಸೈನಿಕರಾಗಿದ್ದು ಆಮೇಲೆ ವೈದ್ಯರಾದವರು. ಹದಿನಾಲ್ಕು ಮಕ್ಕಳು ಹುಟ್ಟಿದ ಆ ಮನೆಯಲ್ಲಿ ಬೆಳೆದು ನಿಂತವರು ಮೂವರು ಗಂಡುಮಕ್ಕಳು ಮಾತ್ರ. ಸಾವಿನ ನೆರಳು ಅಷ್ಟು ಬಾರಿ ಬಿದ್ದ ಮನೆಯೊಳಗೆ ಕಹಿಯಾಗಲಿ ಜಿಪುಣತನವಾಗಲಿ ಹೊಕ್ಕಲಿಲ್ಲ. ತಂದೆಯು ಬಡ ರೋಗಿಗಳಿಂದ ಹಣ ಮುಟ್ಟದೆ ಚಿಕಿತ್ಸೆ ಮಾಡುತ್ತಿದ್ದರು. ತಾಯಿ ಅದೇ ಬಡವರ ಮನೆಗಳಿಗೆ ಬಟ್ಟೆ, ಆಹಾರ ಕೊಂಡೊಯ್ಯುತ್ತಿದ್ದರು. ವಯಸ್ಸಾದ ಮೇಲೆ, ಮೆಟ್ಟಿಲು ಹತ್ತುವುದು ಇಬ್ಬರಿಗೂ ಆಗದೆಂದು, ನಾಲ್ಕನೆಯ ಅಂತಸ್ತಿಗಿಂತ ಮೇಲೆ ಹೋಗುವುದಿಲ್ಲವೆಂದು ಗಂಡ ಹೆಂಡತಿ ಪರಸ್ಪರ ಮಾತು ಕೊಟ್ಟುಕೊಂಡರಂತೆ. ಆ ಕಾಲದ ಫ್ರೆಂಚ್ ಪಟ್ಟಣಗಳಲ್ಲಿ ಮೇಲಿನ ಅಂತಸ್ತುಗಳೇ ಕಡುಬಡವರ ಬಿಡಾರಗಳು. ಒಂದು ದಿನ ತಂದೆ ಗುಟ್ಟಾಗಿ ಅಂಥ ಒಂದು ಮಾಳಿಗೆಗೆ ಏರಿದಾಗ, ಅಲ್ಲಿ ಅವರಿಗಿಂತ ಮೊದಲೇ ಬಂದು ಕುಳಿತಿದ್ದ ಪತ್ನಿ ಎದುರಾದರೆಂದು ಆ ಮನೆತನದ ಕಥೆ. ಕೊನೆಗೆ 1837ರಲ್ಲಿ, ಬಡ ರೋಗಿಯೊಬ್ಬನನ್ನು ನೋಡಲು ಹೋದಾಗ ಮೆಟ್ಟಿಲಿನಿಂದ ಬಿದ್ದೇ ಆ ವೈದ್ಯರು ತೀರಿಕೊಂಡರು. ಮಗನ ಮುಂದಿನ ಜೀವನದ ಪಾಠವೆಲ್ಲವೂ ಈ ಮೆಟ್ಟಿಲುಗಳ ಮೇಲೆಯೇ ಆಗಿತ್ತೆಂದು ನನಗನಿಸುತ್ತದೆ.

ವಿಶ್ವಾಸವು ಓಜನಾಮನಿಗೆ ಸಲೀಸಾಗಿ ಬಂದ ಪಿತ್ರಾರ್ಜಿತವಾಗಿರಲಿಲ್ಲ. ಹದಿನೈದು ಹದಿನಾರರ ಪ್ರಾಯದಲ್ಲಿ ತೀವ್ರವಾದ ಸಂದೇಹಗಳು ಅವನನ್ನು ಕಾಡಿದವು. ಅವನಿಗೆ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಗುರು ನೊಯಿರೊ ಸ್ವಾಮಿಗಳು ಹುಡುಗನನ್ನು ಗದರಿಸದೆ, ಸಂಜೆಯ ನಡಿಗೆಗಳಲ್ಲಿ ಜೊತೆಗೆ ಕರೆದೊಯ್ದು ಸಂಭಾಷಿಸುತ್ತ ಅವನನ್ನು ಪಾರುಮಾಡಿದರು. 1831ರಲ್ಲಿ ಕಾನೂನು ಕಲಿಯಲು ಪ್ಯಾರಿಸಿಗೆ ಬಂದಾಗ ಇನ್ನೊಂದು ಭಾಗ್ಯ ಒದಗಿತು. ಲಿಯೋನಿನವರೇ ಆದ ಮಹಾವಿಜ್ಞಾನಿ ಆಂಪೇರರು ತಮ್ಮ ಮನೆಯಲ್ಲಿ ಆ ಹುಡುಗನಿಗೆ ಕೊಠಡಿ ಕೊಟ್ಟರು. ವಿದ್ಯುತ್ ಪ್ರವಾಹವನ್ನು ಇಂದಿಗೂ ನಾವು ಅಳೆಯುವುದು ಇವರ ಹೆಸರಿನಿಂದಲೇ. ಮನಸ್ಸು ಕುಗ್ಗಿದ್ದ ಒಂದು ದಿನ ಓಜನಾಮ್ ಸಂತ ಸ್ತೆಫಾನರ ದೇವಾಲಯವನ್ನು ಹೊಕ್ಕಾಗ, ಮೂಲೆಯಲ್ಲಿ ಮೊಣಕಾಲೂರಿ ಜಪಮಾಲೆ ಹೇಳುತ್ತಿದ್ದ ಆಂಪೇರರು ಕಣ್ಣಿಗೆ ಬಿದ್ದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ.

ಅಂದಿನ ಪ್ಯಾರಿಸ್ ವಿಶ್ವವಿದ್ಯಾನಿಲಯದಲ್ಲಿ ಕಥೋಲಿಕನೆಂದು ಹೇಳಿಕೊಳ್ಳುವುದೇ ನಗೆಗೀಡಾಗುವ ಸಂಗತಿಯಾಗಿತ್ತು. ಓಜನಾಮ್ ಮತ್ತು ಸಂಗಡಿಗರು ಇತಿಹಾಸ ಚರ್ಚಾಕೂಟವೊಂದರಲ್ಲಿ ಸೇರಿ ವಾದಿಸುತ್ತಿದ್ದರು. ಧರ್ಮಸಭೆಯು ಹಿಂದಿನ ಶತಮಾನಗಳಲ್ಲಿ ಮಾಡಿದ ಉಪಕಾರಗಳನ್ನು ಅವರು ಸೊಗಸಾಗಿ ವರ್ಣಿಸುತ್ತಿರಲು, ಎದುರು ಪಕ್ಷದ ತರುಣನೊಬ್ಬ ಎದ್ದು ಪ್ರಶ್ನಿಸಿದ: ಹಿಂದೆ ಮಾಡಿದ್ದಿರಲಿ, ಇಂದು ಈ ಊರಿನ ಬಡವರಿಗಾಗಿ ನೀವು ಮಾಡುತ್ತಿರುವುದೇನು? 1832ರ ಕಾಲರಾ ಬೇನೆಯು ಅದೇ ಊರಿನ ಸುಮಾರು 18 ಸಾವಿರ ಮಂದಿಯನ್ನು ಬಲಿ ತೆಗೆದುಕೊಂಡು ಹೆಚ್ಚು ದಿನವಾಗಿರಲಿಲ್ಲ. ಪ್ರಶ್ನೆ ಚುಚ್ಚುವಂತಿತ್ತು, ನ್ಯಾಯವೂ ಆಗಿತ್ತು. ವಾದದಲ್ಲಿ ನಿಪುಣನಾದ ಓಜನಾಮ್ ಅದಕ್ಕೆ ವಾದದಿಂದ ಉತ್ತರ ಕೊಡಲಿಲ್ಲ. ಆ ರಾತ್ರಿಯೇ ಅವನೂ ಗೆಳೆಯ ಲ ತಯ್ಯಾಂದಿಯೇನೂ ತಮ್ಮ ಚಳಿಗಾಲದ ಸೌದೆಯಲ್ಲಿ ಉಳಿದಿದ್ದುದನ್ನು ಹೊತ್ತು ಬಡವನೊಬ್ಬನ ಮನೆಗೆ ಕೊಟ್ಟು ಬಂದರೆಂದು ಹೇಳುತ್ತಾರೆ.

1833ರ ಏಪ್ರಿಲ್ 23ರಂದು, ಎಮ್ಯಾನುಯೆಲ್ ಬೈಯಿ ಎಂಬ ಹಿರಿಯರ ಪತ್ರಿಕಾ ಕಚೇರಿಯಲ್ಲಿ ಆರು ಮಂದಿ ವಿದ್ಯಾರ್ಥಿಗಳು ಕೂಡಿದರು. ಬೈಯಿಯವರೇ ಅಧ್ಯಕ್ಷರಾದರು. ಉತ್ಸಾಹವಿತ್ತು, ಆದರೆ ಬಡವರ ಮನೆ ಎಲ್ಲಿದೆ, ಅಲ್ಲಿ ಹೇಗೆ ಕುಳಿತುಕೊಳ್ಳಬೇಕು, ಏನು ಮಾತಾಡಬೇಕು ಎಂಬುದು ಆ ಹುಡುಗರಿಗೆ ತಿಳಿಯದು. ಇದನ್ನು ಕಲಿಸಿದವರು ಧರ್ಮಭಗಿನಿ ರೊಜಾಲಿ ರೆಂದ್ಯೂ. ಮುಫ್ತಾರ್ ಎಂಬ ದರಿದ್ರ ಕೇರಿಯಲ್ಲಿ ಬಹುಕಾಲದಿಂದ ಸೇವೆಯಲ್ಲಿದ್ದ ಈ ತಾಯಿ ಮೊದಮೊದಲ ಕುಟುಂಬಗಳ ವಿಳಾಸಗಳನ್ನೂ, ರೊಟ್ಟಿ ಹಾಗೂ ಕಲ್ಲಿದ್ದಲಿನ ಚೀಟಿಗಳನ್ನೂ ಅವರ ಕೈಗಿತ್ತರು. ತಾಳ್ಮೆಯಿಂದ ಕೇಳಬೇಕು, ತೀರ್ಪು ಕೊಡಬಾರದು ಎಂದು ಬುದ್ಧಿ ಹೇಳಿದರು. ಸಭೆಯ ಇತಿಹಾಸದಲ್ಲಿ ಈ ಹೆಣ್ಣುಮಗಳ ಪಾಲನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವ ರೂಢಿ ಸರಿಯಲ್ಲ. 2003ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನೂ ಧನ್ಯರ ಸಾಲಿಗೆ ಸೇರಿಸಿದರು.

ಒಂದೂವರೆ ವರ್ಷದಲ್ಲಿ ಆರು ಮಂದಿ ನೂರಾದರು. ಆಗ ಸಭೆಯನ್ನು ವಿಭಾಗಿಸಬೇಕೆಂದು ಓಜನಾಮ್ ಸೂಚಿಸಿದಾಗ ದೊಡ್ಡ ಕಲಹವೇ ಎದ್ದಿತು. ಸ್ನೇಹವು ಒಡೆದುಹೋಗುವುದೆಂದು ಕೆಲವರು ಕಣ್ಣೀರಿಟ್ಟರು. ಓಜನಾಮ್ ತನ್ನ ಮಾತನ್ನು ಬಿಡಲಿಲ್ಲ. ಗೆಳೆಯರ ಕೂಟವಾಗಿಯೇ ಉಳಿದಿದ್ದರೆ ಸಭೆಯು ಆ ಗೆಳೆಯರ ವಿದ್ಯಾಭ್ಯಾಸದೊಡನೆಯೇ ಮುಗಿದುಹೋಗುತ್ತಿತ್ತೇನೋ. 1835ರಲ್ಲಿ ಅದು ಧರ್ಮಕೇಂದ್ರಗಳಿಗೆ ಅನುಸಾರವಾಗಿ ಕವಲೊಡೆಯಿತು. ಅದೇ ವರ್ಷ ನಿಯಮಾವಳಿ ಸಿದ್ಧವಾಯಿತು. ಮುಂದೆ ರೋಮ್, 1844ರಲ್ಲಿ ಡಬ್ಲಿನ್ ಮತ್ತು ಲಂಡನ್, 1845ರಲ್ಲಿ ಅಮೆರಿಕದ ಸೇಂಟ್ ಲೂಯಿಸ್, ಹೀಗೆ ಹಬ್ಬಿ ನಮ್ಮ ನಾಡಿನ ಧರ್ಮಕೇಂದ್ರಗಳನ್ನೂ ತಲುಪಿತು. ಓಜನಾಮರಾದರೋ ತಮ್ಮನ್ನು ಸ್ಥಾಪಕನೆಂದು ಕರೆಯಲು ಕೊನೆಯವರೆಗೂ ಯಾರಿಗೂ ಬಿಡಲಿಲ್ಲ.

ಇನ್ನು ಅವರ ಸಂಸಾರ, ವೃತ್ತಿಗಳ ಮಾತು. ಕಾನೂನಿನಲ್ಲಿಯೂ ಸಾಹಿತ್ಯದಲ್ಲಿಯೂ ಡಾಕ್ಟರೇಟ್ ಪಡೆದ ಓಜನಾಮರು ಇಟಲಿಯ ಮಹಾಕವಿ ದಾಂತೆಯ ಬಗ್ಗೆ ಪ್ರೌಢಪ್ರಬಂಧ ಬರೆದರು. ಸೊರ್ಬೊನ್ನಿನಲ್ಲಿ ವಿದೇಶೀ ಸಾಹಿತ್ಯದ ಪ್ರಾಧ್ಯಾಪಕರಾದರು. 1841ರ ಜೂನ್ 23ರಂದು ಅಮೆಲಿ ಸೂಲಾಕ್ರುವಾ ಎಂಬಾಕೆಯನ್ನು ವಿವಾಹವಾದರು. ಅವರು ಧರ್ಮಗುರುವಾಗುವರೆಂದು ನಿರೀಕ್ಷಿಸಿದ್ದ ಖ್ಯಾತ ಪ್ರಸಂಗಕಾರ ಲಾಕೊರ್ದೇರ್ ಸ್ವಾಮಿಗಳು, ಪಾಪ, ಬಲೆಗೆ ಬಿದ್ದನಲ್ಲಾ ಎಂದು ಉದ್ಗರಿಸಿದರಂತೆ. ಜಗದ್ಗುರು ಒಂಬತ್ತನೆಯ ಪಿಯುಸರ ಕಿವಿಗೆ ಇದು ಬಿದ್ದಾಗ, ಕ್ರಿಸ್ತರು ಏಳು ಸಂಸ್ಕಾರಗಳನ್ನು ಸ್ಥಾಪಿಸಿದರೆಂದು ತಿಳಿದಿದ್ದೆ, ಆರು ಸಂಸ್ಕಾರ ಒಂದು ಬಲೆ ಎಂದು ಈಗ ತಿಳಿಯಿತು ಎಂದು ನಕ್ಕರೆಂಬ ಮಾತುಂಟು. ಓಜನಾಮರು ಮಾತ್ರ ಆ ಬಲೆಯಲ್ಲಿ ಪರಮಸುಖಿಗಳಾಗಿದ್ದರು. ಪ್ರತಿ ತಿಂಗಳ 23ನೆಯ ತಾರೀಖಿಗೆ ಪತ್ನಿಗೆ ಹೂವು ಕೊಡುವುದನ್ನು ಅವರು ಎಂದೂ ಮರೆಯಲಿಲ್ಲ. 1845ರಲ್ಲಿ ಮಗಳು ಮರಿ ಹುಟ್ಟಿದಳು.

ಒಂದು ಹೊಸ ವರ್ಷದ ದಿನ ನಡೆದ ಸಂಗತಿಯಿದು. ತಮಗೆ ಪರಿಚಿತವಾದ ಬಡ ಕುಟುಂಬವೊಂದು ಹಿರಿಯರ ಕಾಲದ ಬೀರುವನ್ನು ಒತ್ತೆಯಿಟ್ಟಿದೆಯೆಂದು ತಿಳಿದು, ಅದನ್ನು ಬಿಡಿಸಿಕೊಡಬೇಕೆಂದು ಓಜನಾಮರಿಗೆ ಆಸೆಯಾಯಿತು. ಅಮೆಲಿಯವರು ಕಾರಣಗಳನ್ನು ಹೇಳಿ ಬೇಡವೆಂದರು, ಗಂಡ ಒಪ್ಪಿದರು. ಸಂಜೆ ಮಗಳ ಮುಂದೆ ರಾಶಿಬಿದ್ದಿದ್ದ ಆಟಿಕೆಗಳನ್ನು ಕಂಡು ಅವರ ಮುಖ ಬಾಡಿತು. ಮಗುವು ಕೊಡಬಂದ ಮಿಠಾಯಿಯನ್ನೂ ಮುಟ್ಟಲಿಲ್ಲ. ಈ ಬಾರಿ ಅಮೆಲಿಯವರೇ ಹೋಗಿ ಎಂದರು. ಓಜನಾಮರು ಓಡಿದರು, ಬೀರುವನ್ನು ಬಿಡಿಸಿ, ತಾವೇ ಜೊತೆಗೆ ಹೋಗಿ ಆ ಮನೆಗೆ ಮುಟ್ಟಿಸಿ, ಹಗುರಾದ ಮನಸ್ಸಿನಿಂದ ಮರಳಿದರು.

ಬಡವರಿಗೆ ದಾನ ಕೊಟ್ಟರೆ ಸಾಕೆಂದು ತಿಳಿದವರಲ್ಲ ಅವರು. ಗಾಯಗೊಂಡವನಿಗೆ ಎಣ್ಣೆ ಹಚ್ಚುವುದು ದಯೆಯ ಕೆಲಸ, ಗಾಯವೇ ಆಗದಂತೆ ತಡೆಯುವುದು ನ್ಯಾಯದ ಕೆಲಸ ಎಂಬುದು ಅವರ ವಿಚಾರಸರಣಿ. ಕಾರ್ಮಿಕರಿಗೆ ನ್ಯಾಯವಾದ ಕೂಲಿ ಸಿಗಬೇಕೆಂದು ಅವರು ಬೋಧಿಸಿದ್ದು ಹದಿಮೂರನೆಯ ಲಿಯೋ ಜಗದ್ಗುರುಗಳ 1891ರ ಕಾರ್ಮಿಕ ಪರಿಪತ್ರಕ್ಕೆ ಐದು ದಶಕಗಳ ಮೊದಲು. 1848ರ ಕ್ರಾಂತಿಯ ವರ್ಷ ಸ್ನೇಹಿತರ ಒತ್ತಾಯಕ್ಕೆ ಮಣಿದು ರಾಷ್ಟ್ರಸಭೆಯ ಚುನಾವಣೆಗೆ ನಿಂತರು. ಸುಮಾರು 16 ಸಾವಿರ ಮತಗಳು ಬಂದರೂ ಸೋತರು. ಲಾಕೊರ್ದೇರರೊಡನೆ ‘ನವಯುಗ’ ಎಂಬರ್ಥದ ಪತ್ರಿಕೆಯನ್ನು ಹೊರಡಿಸಿದರು. ಅದೂ ಬಹುಕಾಲ ಬಾಳಲಿಲ್ಲ. ಅದೇ ಜೂನ್ ತಿಂಗಳಲ್ಲಿ ಕಾರ್ಮಿಕರು ದಂಗೆಯೆದ್ದು, ಪ್ಯಾರಿಸಿನ ಬೀದಿಗಳಲ್ಲಿ ಅಡ್ಡಗಟ್ಟೆಗಳು ಮೇಲೆದ್ದು ರಕ್ತ ಹರಿಯತೊಡಗಿದಾಗ, ಓಜನಾಮರು ಇಬ್ಬರು ಮಿತ್ರರೊಡನೆ ಮಹಾಧರ್ಮಾಧ್ಯಕ್ಷ ಆಫ್ರ್ ಅವರ ಬಳಿಗೆ ಹೋಗಿ, ತಾವು ನಡುವೆ ನಿಂತು ಶಾಂತಿ ಮಾಡಿಸಬೇಕೆಂದು ಬಿನ್ನವಿಸಿದರು. ತಮಗೂ ಅದೇ ಯೋಚನೆಯಿತ್ತೆಂದು ಹೇಳಿ ಮಹಾಧರ್ಮಾಧ್ಯಕ್ಷರು ಹೊರಟರು. ಜೂನ್ 25ರ ಸಂಜೆ ಅಡ್ಡಗಟ್ಟೆಯ ಬಳಿ ಗುಂಡೇಟು ತಗಲಿ, 27ರಂದು ಪ್ರಾಣ ಬಿಟ್ಟರು. ಸಲಹೆ ಕೊಟ್ಟವರ ಹೃದಯಕ್ಕೆ ಇದೆಂಥ ಭಾರವಾಗಿದ್ದಿರಬೇಕು! ಓಜನಾಮರು ಅದನ್ನು ಹೊತ್ತುಕೊಂಡೇ ಬಾಳಿದರು. ಮುಂದಿನ ವರ್ಷ ಮತ್ತೆ ಕಾಲರಾ ಬಂದಾಗ ಸಭೆಯ ಸದಸ್ಯರು ರೋಗಿಗಳ ಮನೆಗಳಿಗೆ ನಡೆದರು.

ದೇಹ ಆಗಲೇ ಸೋಲುತ್ತಿತ್ತು, ಮೂತ್ರಪಿಂಡಗಳ ರೋಗ. 1852ರಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರು ಪಾಠಕ್ಕೆ ಬರಲಿಲ್ಲವೆಂದು ಗದ್ದಲವೆಬ್ಬಿಸಿದ್ದು ಕೇಳಿ, ಜ್ವರದಲ್ಲಿದ್ದವರು ಹಾಸಿಗೆಯಿಂದೆದ್ದು ಬಂದು ಪಾಠ ಹೇಳಿದರು. ಅದೇ ಅವರ ಕೊನೆಯ ಪಾಠ. ವೈದ್ಯರ ಸಲಹೆಯಂತೆ ಇಟಲಿಗೆ ಹೋದರೆ, ಅಲ್ಲಿಯೂ ವಿಶ್ರಾಂತಿ ಪಡೆಯದೆ ತೊಸ್ಕಾನಾ ಪ್ರಾಂತದಲ್ಲಿ ಸಭೆಗೆ ಅನುಮತಿ ದೊರಕಿಸಲು ಓಡಾಡಿದರು. 1853ರ ಏಪ್ರಿಲ್ 23ರಂದು, ನಲವತ್ತು ತುಂಬಿದ ದಿನ, ಪೀಸಾ ನಗರದಲ್ಲಿ ಕುಳಿತು ತಮ್ಮ ಪತ್ನಿ, ಮಗು, ಬರೆಯಬೇಕೆಂದಿದ್ದ ಪುಸ್ತಕಗಳೆಲ್ಲವನ್ನೂ ದೇವರ ಚಿತ್ತಕ್ಕೊಪ್ಪಿಸಿ ಪ್ರಾರ್ಥನೆಯೊಂದನ್ನು ಬರೆದಿಟ್ಟರು. ಬದುಕಬೇಕೆಂಬ ಆಸೆಯನ್ನು ಅದರಲ್ಲಿ ಅವರು ಬಚ್ಚಿಡಲಿಲ್ಲ.

ಹಡಗಿನಲ್ಲಿ ಮಾರ್ಸೇಲ್ಸಿಗೆ ತಂದಾಗ ಅಂತಿಮ ಸಮಯ ಸಮೀಪಿಸಿತ್ತು. ದೇವರಿಗೆ ಅಂಜಬೇಡಿ ಎಂದು ಧರ್ಮಗುರುಗಳು ಧೈರ್ಯ ಹೇಳಿದರೆ, ಇಷ್ಟೊಂದು ಪ್ರೀತಿಸುವ ದೇವರಿಗೆ ತಾನೇಕೆ ಅಂಜಬೇಕೆಂದು ಅವರೇ ಕೇಳಿದರು. ಪ್ರಾಣ ಹೋದದ್ದು 1853ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ. ನಮ್ಮ ಕರಾವಳಿಯ ಮನೆಗಳಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ತಂದು, ಕುಟುಂಬವೆಲ್ಲ ಒಟ್ಟಿಗೆ ಕುಳಿತು ಉಣ್ಣುವ ದಿನ. ಪ್ಯಾರಿಸಿನ ಕಾರ್ಮೆಲ್ ದೇವಾಲಯದ ನೆಲಮಾಳಿಗೆಯಲ್ಲಿ ಅವರ ಸಮಾಧಿಯಿದೆ. ಅಮೆಲಿಯವರು ಮತ್ತೆ ನಲವತ್ತು ವರ್ಷಗಳಿಗೂ ಮಿಕ್ಕಿ ಬದುಕಿದ್ದು, ಪತಿಯ ಪತ್ರಗಳನ್ನೂ ಕಾಗದಗಳನ್ನೂ ಜೋಪಾನವಾಗಿ ಕಾಪಾಡಿದರು. ಇಂದು ನಾವು ಅವರ ಬಗ್ಗೆ ಇಷ್ಟು ಬಲ್ಲೆವಾದರೆ ಆ ತಾಯಿಗೆ ಋಣಿಗಳು. 1997ರ ಆಗಸ್ಟ್ 22ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ಓಜನಾಮರನ್ನು ಧನ್ಯರೆಂದು ಘೋಷಿಸಿದರು. ವಿಶ್ವ ಯುವಜನ ಸಮ್ಮೇಳನಕ್ಕಾಗಿ ನಾನಾ ದೇಶಗಳ ತರುಣ ತರುಣಿಯರು ಆ ವಾರ ಅದೇ ಊರಿನಲ್ಲಿ ನೆರೆದಿದ್ದರು.

ಸಭೆಯವರು ಭೇಟಿಯಿತ್ತ ಮನೆಗಳ ಹೆಸರುಗಳನ್ನು ಹೊರಗೆ ಹೇಳಬಾರದೆಂಬ ಪದ್ಧತಿ ಆರಂಭದಿಂದಲೂ ಇದೆ. ಆದುದರಿಂದಲೇ ನಮ್ಮ ಶತಮಾನೋತ್ಸವಗಳ ಸಂಚಿಕೆಗಳಲ್ಲಿ ಅವರ ವರದಿ ಸದಾ ಚಿಕ್ಕದು. ಓಜನಾಮರು ತಮ್ಮ ಸಂಗಡಿಗರೊಡನೆ ಪ್ಯಾರಿಸಿನಲ್ಲಿ ಏರಿಳಿದ ಮೆಟ್ಟಿಲುಗಳ ಲೆಕ್ಕವೂ ಯಾವ ಪುಸ್ತಕದಲ್ಲಿಯೂ ಬರೆದಿಲ್ಲ.